ಮಹಾರಾಣಿಯ ಬೆನ್ನಿಗೊಂದು ಕೋರ್ಸು

ಎಲ್ಲಕ್ಕೂ ಕಾರಣ ತಣ್ಣಗಿನ ಕೈ. ಗಡಿಯಾರ ರಿಪೇರಿಯವರು ದಿನವಿಡೀ ಪುಟ್ಟ ಚಕ್ರ, ಸ್ಪ್ರಿಂಗುಗಳ ಜೊತೆ ಕೂತು, ಸಂಜೆ ಹಿತ್ತಲಿನ ಲಾಯಕ್ಕೆ ಹೋಗಿ ಬೆನ್ನು ಮುಟ್ಟಿದರೆ ಸಾಕು, ಅವರ ಹೆಣ್ಣು ಕುದುರೆ ಮಹಾರಾಣಿ ಒದ್ದೆ ಬಟ್ಟೆ ತಾಗಿದ ಬೆಕ್ಕಿನಂತೆ ಸರಕ್ಕನೆ ಸರಿದುಬಿಡುತ್ತಿದ್ದಳು. ಇನ್ನೊಂದು ಕುದುರೆ, ಮುದಿ ದೊಡ್ಡಪ್ಪ, ಯಾರು ಮುಟ್ಟಿದರೂ ನಿದ್ದೆ ಹೋಗುವವನು. ಅವನ ಮೆಚ್ಚುಗೆಯನ್ನು ಲೆಕ್ಕಕ್ಕೆ ಹಿಡಿಯುವಂತಿರಲಿಲ್ಲ. ಬೀದಿಯವರಿಗೆಲ್ಲ ಬೆನ್ನೊಡ್ಡುವವಳು ತಮಗೊಬ್ಬರಿಗೇ ಒಡ್ಡುವುದಿಲ್ಲವಲ್ಲ ಎಂಬ ಕೊರಗೇ ಅವರನ್ನು ಕುದುರೆ ಮಾಲೀಶಿನ ಕೋರ್ಸಿನತ್ತ ತಳ್ಳಿತು.

ರಜೆಯ ಬೆಳಿಗ್ಗೆ ನೋಟ್‌ಬುಕ್ಕಿನಲ್ಲಿ ಮೂರು ಪ್ರಶ್ನೆ ಬರೆದುಕೊಂಡು ಫೋನಿನ ಮುಂದೆ ಕೂತರು. ಕುದುರೆ ಎಷ್ಟಿವೆ? ಕೈಯಿಟ್ಟು ಕಲಿಯುವುದು ಎಷ್ಟು ಹೊತ್ತು? ಯಾವಾಗ ಮುಟ್ಟಬಾರದು?

"ಎರಡೇ ಗಂಟೆ ಸರ್, ಸರ್ಟಿಫಿಕೇಟು ಮನೆಗೇ ಬರುತ್ತೆ," ಎಂದ ಮೊದಲನೆಯವನು.

"ಕುದುರೆ?"

"ಅದನ್ನ ನೀವು ಕಣ್ಮುಚ್ಚಿ ಊಹಿಸ್ಕೋಬೇಕು."

ಎರಡನೆಯವರಲ್ಲಿ ಆರು ತಿಂಗಳು ಮೂಳೆಗಳ ಹೆಸರು ಬಾಯಿಪಾಠ. ಕುದುರೆ ಮುಟ್ಟುವುದು ಮುಂದಿನ ಕೋರ್ಸಿನಲ್ಲಂತೆ.

ಮೂರನೆಯವರು ಊರಾಚೆ ಲಾಯ ಇಟ್ಟುಕೊಂಡಿದ್ದ ಮೇಡಂ. "ಹತ್ತು ಜನಕ್ಕೆ ಐದು ಕುದುರೆ. ದಿನಕ್ಕೆ ಐದು ಗಂಟೆ, ಹತ್ತು ದಿನ. ಗಾಯ, ಜ್ವರ, ಊತ ಇದ್ರೆ ಮುಟ್ಟೋ ಹಾಗಿಲ್ಲ, ಮೊದಲು ಡಾಕ್ಟ್ರು. ಒಂದೇ ಸೀಟು ಉಳಿದಿದೆ. ಹನ್ನೆರಡಕ್ಕೆ ಬರ್ತೀನಿ, ನಿಮ್ಮ ಕೈ ನೋಡ್ಬೇಕು."

ಗಡಿಯಾರದವರು ಕುರ್ಚಿಯಿಂದ ಅರ್ಧ ಎದ್ದೇಬಿಟ್ಟರು. ಇದೇ!

"ನಿನ್ನ ಕೈಯಾ?" ಎಂದಳು ಅಕ್ಕ, ಅಡಿಗೆಮನೆಯಿಂದಲೇ. "ಸತ್ತ ಮೀನಿನ ಹಾಗಿರುತ್ತೆ ಕಣೋ. ತಾಳು, ಬೆಚ್ಚಗೆ ಮಾಡ್ತೀನಿ."

ಅವಳು ತಂದಿಟ್ಟ ಬೋಗುಣಿಯ ನೀರು ಎಷ್ಟು ಬಿಸಿ ಎಂದು ನೋಟ್‌ಬುಕ್ಕಿನಲ್ಲಿ ಪ್ರಶ್ನೆಯಿರಲಿಲ್ಲ. ಎರಡೂ ಕೈ ಅದ್ದಿ ಅವರು ಕಿರುಚಿದ ಸದ್ದಿಗೆ ಹಿತ್ತಲಿನಲ್ಲಿ ಮಹಾರಾಣಿ ಕೆನೆದು ಕುಣಿದಳು. ಪಕ್ಕದ ಸಲೂನಿನವನು ಬಾಚಣಿಗೆ ಕಿವಿಗೆ ಸಿಕ್ಕಿಸಿಕೊಂಡೇ ಓಡಿಬಂದ.

"ನೀವು ಮುಲಾಮು ಹಚ್ಕೊಳ್ಳಿ ಅಣ್ಣಾ, ಮಹಾರಾಣೀನ ನಾನು ನೋಡ್ಕೋತೀನಿ."

ಮೇಡಂ ಬಂದಾಗ ಗಡಿಯಾರದವರ ಕೈಗಳು ಬ್ಯಾಂಡೇಜು ಸುತ್ತಿಸಿಕೊಂಡು ಎರಡು ಪುಟ್ಟ ದಿಂಬಾಗಿದ್ದವು.

"ಕೈ ಎಲ್ಲಿ?"

"ಒಳಗಿವೆ," ಎಂದರು ಅವರು ಮೆಲ್ಲಗೆ.

ಮೇಡಂ ಆಗಲೇ ಲಾಯದ ಕಡೆ ನೋಡುತ್ತಿದ್ದರು. ಸಲೂನಿನವನ ಬೆರಳುಗಳು ಮಹಾರಾಣಿಯ ಹೆಗಲ ಮೇಲೆ ಸುತ್ತು ಹಾಕುತ್ತಿದ್ದವು. ಅವಳ ಕೆಳತುಟಿ ಜೋತುಬಿದ್ದಿತ್ತು, ಕಣ್ಣು ಅರೆಮುಚ್ಚಿತ್ತು.

"ಇದನ್ನ ಎಲ್ಲಿ ಕಲಿತ್ರಿ?"

"ತಲೆಗಳ ಮೇಲೆ, ಮೇಡಂ."

"ಸೀಟು ನಿಮ್ಮದು. ಮಧ್ಯಾಹ್ನವೇ ಶುರು, ಕಾರು ಹತ್ತಿ." ಆಮೇಲೆ ಗಡಿಯಾರದವರತ್ತ ತಿರುಗಿ, "ನಮ್ಮದೊಂದು ಕುದುರೆ ಕುಂಟ್ತಾ ಇದೆ. ಪಾಠಕ್ಕೆ ಇವಳನ್ನ ಕಳಿಸ್ಕೊಡ್ತೀರಾ?"

"ಧಾರಾಳವಾಗಿ!" ಎಂದಳು ಅಕ್ಕ.

ಆದರೆ ಮಹಾರಾಣಿ ಕದಲಲಿಲ್ಲ. ಸಲೂನಿನವ ಎಳೆದ, ಮೇಡಂ ಪೂಸಿಹೊಡೆದರು, ಅಕ್ಕ ಹಿಂದಿನಿಂದ ಗದರಿದಳು. ನೋಡಲಾರದೆ ಗಡಿಯಾರದವರು ಗೇಟಿನಾಚೆ ನಡೆದರು. ಟಕ್ ಟಕ್ ಎಂದು ಗೊರಸಿನ ಸದ್ದು. ತಿರುಗಿದರೆ, ಅವರ ಹಿಂದೆಯೇ ಮಹಾರಾಣಿ! ಅವರು ನಿಂತರೆ ಅವಳೂ ನಿಂತಳು. ಗಡಿಯಾರದವರು ಕಣ್ಣೊರೆಸಿಕೊಳ್ಳೋಣವೆಂದರೆ ಬರೀ ಬ್ಯಾಂಡೇಜು.

ಕಾರು ಮುಂದೆ ಹೋಯಿತು. ಅವರು ಐದು ಮೈಲಿ ನಡೆದರು, ಅವಳು ಹಿಂದೆ.

"ನೀವಿಲ್ದೆ ಇವಳು ಇಲ್ಲಿ ಉಳಿಯಲ್ಲ ಅನ್ಸುತ್ತೆ," ಎಂದರು ಮೇಡಂ ಲಾಯದ ಬಾಗಿಲಲ್ಲಿ. "ಹತ್ತು ದಿನವೂ ನೀವೇ ಕರ್ಕೊಂಡ್ ಬಂದು, ಕರ್ಕೊಂಡ್ ಹೋಗಿ. ಕೋರ್ಸಿನವರಿಗೆ ಮಾತ್ರ ಒಳಗೆ ಜಾಗ, ನೀವು ಆ ಕಲ್ಲಿನ ಮೇಲೆ ಕೂತಿರಿ."

ಗಡಿಯಾರದವರು ಚಪ್ಪಲಿ ಬಿಚ್ಚಿದರು. ಪಾದ ಎರಡೂ ಬನ್ನಿನಂತೆ ಉಬ್ಬಿದ್ದವು. ಸಲೂನಿನವ ನೀರು ಕುಡಿಯಲು ಈಚೆ ಬಂದ.

"ಏ, ಒಂಚೂರು ಒತ್ತೋ ಮಾರಾಯ."

ಅವನು ಬಗ್ಗಿ ನೋಡಿ, ಚಾಚಿದ ಕೈ ಹಿಂದಕ್ಕೆಳೆದುಕೊಂಡ.

"ಕ್ಷಮಿಸಿ ಅಣ್ಣಾ. ಇವತ್ತಿನ ಮೊದಲನೇ ಪಾಠವೇ ಅದು. ಊತ ಇದ್ರೆ ಮುಟ್ಟೋ ಹಾಗಿಲ್ಲ."