ಅಮೃತಳ ಬೆನ್ನಿಗೊಂದು ಕೌದಿ

ಇಂದ:
ರಾಧಾಮಣಿ ಕೋಂ ಬೀರೇಶ್,
ಗೌರಿಬಿದನೂರು.

ಗೆ:
ಶ್ರೀಮತಿ ಭಾನುಪ್ರಿಯಾ ಅವರು,
ಮಾನ್ಯ ಅಡ್ಮಿನ್, 'ನಾಲ್ಕೂರ ನೂಲು ಬಳಗ' ವಾಟ್ಸ್ಆ್ಯಪ್ ಗುಂಪು,
ಚಿಕ್ಕಬಳ್ಳಾಪುರ.

ವಿಷಯ: ಕೈವಾರದ ಲಕ್ಷ್ಮೀನರಸಮ್ಮನವರನ್ನು ಬಳಗದಿಂದ ತೆಗೆದುಹಾಕಬೇಕೆಂದು ಕೊಟ್ಟ ದೂರನ್ನು ಹಿಂಪಡೆಯುವ ಬಗ್ಗೆ ಹಾಗೂ ಇತರೆ.

ಉಲ್ಲೇಖ: 1) ಸಂಕ್ರಾಂತಿಯ ಕೈಕೆಲಸ ಅದಲುಬದಲು ಕುರಿತ ತಮ್ಮ ಪ್ರಕಟಣೆ.
2) ಅರ್ಜಿದಾರಳು ಗುಂಪಿಗೆ ಕಳಿಸಿದ ಧ್ವನಿ ಸಂದೇಶ (ಅಳುವಿನ ಸಮೇತ).

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಅರಿಕೆ ಮಾಡಿಕೊಳ್ಳುವುದೇನೆಂದರೆ, 'ನಾನು' ಎಂದು ಬರೆಯಲು ನಾಚಿಕೆಯಾಗುವ ಕಾರಣ, ಈ ಅರ್ಜಿಯಲ್ಲಿ ರಾಧಾಮಣಿಯನ್ನು ಉದ್ದಕ್ಕೂ 'ಅರ್ಜಿದಾರಳು' ಎಂದೇ ಕರೆಯಲಾಗಿದೆ.

1. ಬಳಗದ ನಿಯಮದಂತೆ ಚೀಟಿ ಎತ್ತಿದಾಗ ಅರ್ಜಿದಾರಳಿಗೆ ಲಕ್ಷ್ಮೀನರಸಮ್ಮನವರು ಜೋಡಿಯಾಗಿ ಬಂದರು. ಇವಳು ಅವರಿಗೊಂದು, ಅವರು ಇವಳಿಗೊಂದು ಮಾಡಿಕೊಡಬೇಕು. ಮುಖ ನೋಡಿದವಳಲ್ಲ, ಕೇಳಿದ್ದು ದನಿ ಮಾತ್ರ.

“ನಮ್ಮ ಅಮೃತಂಗೆ ಚಳಿ ತಡಿಯಲ್ಲ ಕಣಮ್ಮ. ಚೊಚ್ಚಲ ಬಸುರಿ ಬೇರೆ. ಬೆನ್ನು ತುಂಬ ಹೊದಿಯೋ ಹಂಗೆ ಒಂದು ಬೊಂತ ಮಾಡ್ಕೊಡು. ಬಿಳೀ ಮೈ, ಕೆಂಪು ಚೆನ್ನಾಗಿ ಒಪ್ತದೆ.”

ಬೊಂತ ಎಂದರೆ ಕೌದಿ ಎಂಬುದು ಅರ್ಜಿದಾರಳಿಗೆ ಗೊತ್ತಿತ್ತು. ಅಮೃತ ಎಂದರೆ ಯಾರು ಎಂದು ಕೇಳಬೇಕಿತ್ತು. ಕೇಳಲಿಲ್ಲ. ಮಗಳೇ ಇರಬೇಕು ಎಂದುಕೊಂಡಳು. ಆ ಹುಡುಗಿಗೆ ಮನಸ್ಸಿನಲ್ಲೇ ಉದ್ದ ಜಡೆ ಹಾಕಿ, ಮೂಗುತಿ ಇಟ್ಟು, ಮೆಟ್ಟಿಲು ಇಳಿಯುವಾಗ ಹುಷಾರಮ್ಮ ಎಂದು ಕೈಯನ್ನೂ ಹಿಡಿದುಕೊಂಡಳು.

2. ಅಳತೆಗೆಂದು ಫೋನ್ ಮಾಡಿದಾಗಲಾದರೂ ತಿಳಿಯಬೇಕಿತ್ತು.

“ಉದ್ದ ಎಷ್ಟಿದಾರಮ್ಮ?”

“ಐದಡಿ ಮ್ಯಾಲೆ ಇದಾಳೆ. ಸುತ್ತಳತೆ ಮಾತ್ರ ಕೇಳಬೇಡ.”

“ಊಟ ಸೇರ್ತದಾ?”

“ಅಯ್ಯೋ, ಬೆಳಗಿಂದ ಸಂಜೆಗಂಟ ಅದೇ ಕೆಲಸ!”

ಪಾಪ, ತಿನ್ನಲಿ ಬಿಡು ಎಂದು ಅರ್ಜಿದಾರಳಿಗೆ ಕರುಳು ಚುರಕ್ಕೆಂದಿತು. ಆದ್ದರಿಂದ ತನ್ನ ಒಳ್ಳೆಯ ಕೆಂಪು ಸೀರೆಯನ್ನೇ ಕತ್ತರಿಸಿ ಪದರ ಪದರವಾಗಿ ಹೊಲಿದಳು. ಅಂಚಿಗೆ ಕ್ರೋಶಾದಲ್ಲಿ ಬಿಳಿ ಮಲ್ಲಿಗೆ ಹೆಣೆದಳು. ಮೂಲೆಯಲ್ಲಿ 'ಅಮೃತಳಿಗೆ, ತವರಿನ ಪ್ರೀತಿಯಿಂದ' ಎಂದು ದಾರದಲ್ಲಿ ಬರೆದಳು. ಕುಡುಮಲಕುಂಟೆಯ ಕಾರ್ಖಾನೆಯಿಂದ ಶಿಫ್ಟ್ ಮುಗಿಸಿ ಬಂದ ಪತಿ ಬೀರೇಶ್ ಅವರು, “ಯಾರ್ದೋ ಮಗಳಿಗೆ ಇಷ್ಟೆಲ್ಲಾ ಮಾಡ್ತೀಯಲ್ಲೇ, ನನ್ನ ಸ್ವೆಟರಿಗೆ ಎರಡನೇ ತೋಳು ಯಾವಾಗ ಕಣೇ?” ಎಂದು ಆಕ್ಷೇಪಣೆ ಸಲ್ಲಿಸಿದರು. ಆಕ್ಷೇಪಣೆ ವಜಾ ಆಯಿತು.

3. ಹಬ್ಬದ ಮುಂಚೆ ಗುಂಪಿನಲ್ಲಿ ಫೋಟೋ ಬಂತು. ಕೌದಿ ಸೊಗಸಾಗಿ ಕಾಣುತ್ತಿತ್ತು. ಕೌದಿಯ ಮುಂದೆ ಎರಡು ಕೊಂಬು, ಹಿಂದೆ ಬಾಲ. 'ತವರಿನ ಪ್ರೀತಿ' ಸರಿಯಾಗಿ ಬಾಲದ ಬುಡಕ್ಕೆ ಬಂದಿತ್ತು. ಶಿಡ್ಲಘಟ್ಟದ ಸದಸ್ಯೆಯೊಬ್ಬರು, “ರಾಧಾಮಣಿ, ಸೀಮಂತಕ್ಕೆ ಬಳೆ ಎಷ್ಟು ಡಜನ್ ಬೇಕು? ನಾಲ್ಕು ಕಾಲಿಗೂ ಹಾಕ್ಬೇಕಲ್ಲ?” ಎಂದು ಕೇಳಿದರು. ನಗುವ ಮುಖಗಳು ಸಾಲುಗಟ್ಟಿದವು. ಅರ್ಜಿದಾರಳು ಬಾಗಿಲು ಹಾಕಿಕೊಂಡು ಉಲ್ಲೇಖ 2ರ ದೂರನ್ನು ಕಳಿಸಿದಳು.

4. ಅಷ್ಟಕ್ಕೇ ಬಿಡದೆ, ಕೌದಿ ಕಿತ್ತುಕೊಂಡು ಬರಲು ಹೊರಟಳು. ಲಕ್ಷ್ಮೀನರಸಮ್ಮನವರು ಹೆಣೆದು ಕಳಿಸಿದ್ದ ದಿಂಬಿನ ಹೊದಿಕೆಯನ್ನು ಮುಖಕ್ಕೆ ಎಸೆಯಲು ಕೈಯಲ್ಲಿ ಹಿಡಿದಿದ್ದಳು. ಸಾಕ್ಷಿಗೆ ಬೀರೇಶ್ ಅವರನ್ನು ಕರೆದುಕೊಂಡಿದ್ದಳು. ಚಿಕ್ಕಬಳ್ಳಾಪುರದಲ್ಲಿ ಬಸ್ಸು ಬದಲಿಸಿ, ಚಿಂತಾಮಣಿಯಲ್ಲಿ ಮತ್ತೆ ಬದಲಿಸಿ, ದಾರಿಯುದ್ದಕ್ಕೂ ಬೈಗುಳ ಅಭ್ಯಾಸ ಮಾಡಿದಳು.

ಮನೆ ಮುಂದೆ ಯಾರೂ ಇರಲಿಲ್ಲ. ಕೊಟ್ಟಿಗೆಯಿಂದ ಕೂಗು ಕೇಳಿಸಿತು: “ಯಾರಾನಾ ಬರ್ರಪ್ಪೋ!”

ಓಡಿ ನೋಡಿದರೆ ಅಮೃತ ನೋವು ತಿನ್ನುತ್ತಿದ್ದಾಳೆ. ಕಡ್ಡಿಯಂಥ ಮುದುಕಿಯೊಬ್ಬರು ಕರುವಿನ ಮುಂಗಾಲು ಹಿಡಿದು ಒಬ್ಬರೇ ಜಗ್ಗುತ್ತಿದ್ದಾರೆ. ಬಂದವರು ಯಾರು, ಏನು ಎಂದು ಅವರು ಕೇಳಲಿಲ್ಲ.

“ಏನಪ್ಪಾ ಪ್ಯಾಂಟಿನೋನೇ, ನಿಂತ್ಕಂಡು ನೋಡ್ತೀಯಾ? ಇಡ್ಕೋ!”

ಬೀರೇಶ್ ಅವರು ಹಿಡಿದರು. ಎಳೆದರು. ಕರು ಬಂತು, ಬೀರೇಶ್ ಅವರು ಸಗಣಿಯಲ್ಲಿ ಕೂತರು, ಕರು ಅವರ ಮಡಿಲಿನಲ್ಲಿ ಬಿತ್ತು. ಆದರೆ ಅದು ಮಿಸುಕಲಿಲ್ಲ. ಉಸಿರಿಲ್ಲ. ಮುದುಕಿಯ ಮುಖ ಬಿಳಿಚಿಕೊಂಡಿತು.

“ಉಜ್ಜಮ್ಮ! ಎದೆ ಉಜ್ಜು, ಬಿಡಬೇಡ!”

ಅರ್ಜಿದಾರಳ ಕೈಯಲ್ಲಿದ್ದದ್ದು ದಿಂಬಿನ ಹೊದಿಕೆ. ಅದರಲ್ಲೇ ಕರುವಿನ ಮೂಗು ಒರೆಸಿದಳು, ಎದೆ ಉಜ್ಜಿದಳು. “ಏಳೇ, ಏಳೇ ನಮ್ಮಮ್ಮ” ಎಂದು ಅಳುತ್ತಾ ಉಜ್ಜಿದಳು. ಬಹಳ ಹೊತ್ತಾದಂತಾಯಿತು. ಆಮೇಲೆ ಕರು ಸೀನಿತು, ನೇರವಾಗಿ ಅರ್ಜಿದಾರಳ ಮುಖಕ್ಕೆ. ಅವಳು ಕಿರುಚಿದಳು, ಬೀರೇಶ್ ಅವರು ಕಿರುಚಿದರು, ಅಮೃತ ಅಂಬಾ ಎಂದಳು. ಮುದುಕಿಯೂ ಸೇರಿ ಮೂವರಿಗೂ ಎಲ್ಲಿಲ್ಲದ ನಗು ಬಂತು.

ಉಸಿರು ಸುಧಾರಿಸಿಕೊಂಡು ಮುದುಕಿ ಕೇಳಿದರು: “ಅದ್ಸರಿ, ನೀವ್ಯಾರಮ್ಮ?”

ಅಷ್ಟು ಅಭ್ಯಾಸ ಮಾಡಿದ ಬೈಗುಳದಲ್ಲಿ ಒಂದೂ ನೆನಪಾಗಲಿಲ್ಲ. “ನಾನೇ ಅಮ್ಮ... ಬೊಂತದೋಳು.”

“ನೀನಾ ತಾಯಿ!” ಲಕ್ಷ್ಮೀನರಸಮ್ಮ ಕೆಸರುಗೈಯಲ್ಲೇ ಅಪ್ಪಿಕೊಂಡರು. “ಬೈಯಕ್ಕೆ ಬಂದಿದೀಯ, ಬೈಯಿ. ಆದ್ರೆ ನೀನೇ ಹೇಳು, ಮನೇ ಮಗಳನ್ನ ಹಸು ಅಂತ ಯಾರಾನಾ ಬಿಡಿಸಿ ಹೇಳ್ತಾರಾ?”

ಕೌದಿಗೆ ಕೊಳೆಯಾಗಬಾರದೆಂದು ಅವರು ಮೊದಲೇ ಅದನ್ನು ತೆಗೆದು, ಮಡಿಸಿ, ಅಟ್ಟದ ಮೇಲಿಟ್ಟಿದ್ದರು. ಅರ್ಜಿದಾರಳೇ ಅದನ್ನು ಇಳಿಸಿ ಅಮೃತಳಿಗೆ ಹೊದಿಸಿದಳು. ಕೆಂಪು ನಿಜಕ್ಕೂ ಚೆನ್ನಾಗಿ ಒಪ್ಪುತ್ತದೆ.

5. ಹುಟ್ಟಿದ್ದು ಹೆಣ್ಣುಗರು. ಬೇಡವೆಂದರೂ ಕೇಳದೆ ಅದಕ್ಕೆ 'ರಾಧಾಮಣಿ' ಎಂದೇ ಹೆಸರಿಡಲಾಗಿದೆ.

ಆದ್ದರಿಂದ ಸದರಿ ದೂರನ್ನು ಇಲ್ಲಿಗೇ ಮುಕ್ತಾಯಗೊಳಿಸಿ, ಯುಗಾದಿಯ ಅದಲುಬದಲಿನಲ್ಲಿ ಚೀಟಿ ಎತ್ತದೆಯೇ ಲಕ್ಷ್ಮೀನರಸಮ್ಮನವರನ್ನು ಅರ್ಜಿದಾರಳಿಗೇ ಜೋಡಿ ಮಾಡಿಕೊಡಬೇಕಾಗಿ ಪ್ರಾರ್ಥನೆ.

ಇಂತಿ ತಮ್ಮ ವಿಶ್ವಾಸಿ, ಎರಡು ಕಾಲಿನ
ರಾಧಾಮಣಿ

ಅಡಕ: 1) ಗಿಣ್ಣು, ಒಂದು ಡಬ್ಬಿ (ಬೀರೇಶ್ ಅವರು ತಿಂದು ಉಳಿದದ್ದು).
2) ಕರುವಿನ ಫೋಟೋ.
3) ಬೀರೇಶ್ ಅವರ ಪ್ಯಾಂಟು ಲಗತ್ತಿಸುವ ಸ್ಥಿತಿಯಲ್ಲಿಲ್ಲ.

ವಿ.ಸೂ.: ಮೊನ್ನೆ ಲಕ್ಷ್ಮೀನರಸಮ್ಮನವರು, “ರಾಧಾಮಣಿ ಹಗ್ಗ ಕಿತ್ಕಂಡು ಓಡೋಗವಳೆ, ಕಂಡ್ರೆ ಹಿಡ್ಕಂಬನ್ನಿ” ಎಂದು ಗುಂಪಿಗೆ ಹಾಕಿದ ಸಂದೇಶವನ್ನು ನೋಡಿ ಬಳಗದ ಹಲವರು ಬೀರೇಶ್ ಅವರಿಗೆ ಫೋನ್ ಮಾಡಿ ಧೈರ್ಯ ಹೇಳಿರುತ್ತಾರೆ. ಇನ್ನು ಮುಂದೆ ಹಾಗೆ ಮಾಡದಂತೆ ಸೂಚಿಸಬೇಕು. ಬೀರೇಶ್ ಅವರು ತೀರಾ ಬೇಗ ಸಮಾಧಾನ ಮಾಡಿಕೊಳ್ಳುತ್ತಿದ್ದಾರೆ.