ಪಾಲಿಸಿಯ ಜೊತೆಗೊಂದು ಹಗ್ಗ

ಲಗ್ಗೆರೆಯ ಭಾಗ್ಯಮ್ಮನವರು ಸಾವಿರದ ಒಂಬೈನೂರ ಎಂಬತ್ತೆರಡನೇ ಇಸವಿಯ ಬೇಸಿಗೆಯಲ್ಲಿ ಹಾವು ಕಚ್ಚಿ ಮೃತರಾದರೆಂಬುದು ಸರ್ಕಾರಿ ಸಂಗತಿ. ಮೃತರ ಕತ್ತಿನ ಸುತ್ತ ಹಗ್ಗದ ಬಾಸುಂಡೆ ಇದ್ದದ್ದು ಅವರ ಮನೆಯ ಖಾಸಗಿ ಸಂಗತಿ. ಎರಡನ್ನೂ ಕೂಡಿಸಿ ನೋಡುವುದು ಯಾವ ಇಲಾಖೆಯ ಕೆಲಸವೂ ಅಲ್ಲವಾದ್ದರಿಂದ ಅದು ವಿಮಾ ಏಜೆಂಟ್ ಆವಲಪ್ಪನ ಕೊರಳಿಗೆ ಬಿತ್ತು.

ಆವಲಪ್ಪನಿಗೆ ತನ್ನ ಬಾಯಿಯ ಮೇಲೆ ಬಹಳ ಅಭಿಮಾನ. ಕಲ್ಲಿಗೂ ಪಾಲಿಸಿ ಮಾರಬಲ್ಲೆ ಎಂದು ಹೇಳಿಕೊಂಡು ತಿರುಗುತ್ತಿದ್ದ. ಭಾಗ್ಯಮ್ಮ ಪೀಣ್ಯದ ಒಂದು ಕಾರ್ಖಾನೆಯಲ್ಲಿ ನಟ್ಟು ಬೋಲ್ಟು ಪ್ಯಾಕ್ ಮಾಡುತ್ತಿದ್ದಳು. ಗಂಡ ಸೊಣ್ಣಪ್ಪ, ಹೊಲ ಕಾರ್ಖಾನೆಗಳ ಪಾಲಾದ ಮೇಲೆ, ಜಗಲಿಯಲ್ಲಿ ಕೂತು ಆ ಕಾರ್ಖಾನೆಗಳನ್ನೇ ನೋಡುತ್ತಿದ್ದ. ಆವಲಪ್ಪ ಪಾಲಿಸಿ ಮಾಡಿಸಲು ಹೋದ ದಿನ ಭಾಗ್ಯಮ್ಮ ಮಜ್ಜಿಗೆಗೆ ಕೊತ್ತಂಬರಿ ಸೊಪ್ಪು ಹಾಕಿ ಕೊಟ್ಟು ಒಂದೇ ಒಂದು ಪ್ರಶ್ನೆ ಕೇಳಿದಳು.

"ನಾನ್ ಸತ್ ಮ್ಯಾಕೆ ದುಡ್ಡು ಬಂದ್ರೆ ನಂಗೇನ್ ಬಂತಣ್ಣ?"

"ನೆಮ್ಮದಿ ಬರುತ್ತೆ ತಾಯಿ," ಎಂದ ಆವಲಪ್ಪ. ಎಲ್ಲರಿಗೂ ಅವನು ಹೇಳುತ್ತಿದ್ದುದು ಅದನ್ನೇ.

ಸೊಣ್ಣಪ್ಪನ ಪ್ರಶ್ನೆಗಳು ಇನ್ನೂ ಚುರುಕಾಗಿದ್ದವು. ಸುಮ್ಮನೆ ಸತ್ತರೆ ಎಷ್ಟು, ಅಪಘಾತದಲ್ಲಿ ಸತ್ತರೆ ಎಷ್ಟು, ಹಾವು ಕಚ್ಚಿ ಸತ್ತರೆ ಅದು ಯಾವುದರ ಲೆಕ್ಕಕ್ಕೆ ಎಂದು ವಿಚಾರಿಸಿದ. ಅಪಘಾತದ ಲೆಕ್ಕಕ್ಕೇ, ಎರಡರಷ್ಟು ಎಂದು ಆವಲಪ್ಪ ಹುರುಪಿನಿಂದ ವಿವರಿಸಿದ. ಹೆಂಡತಿಯ ಬಗ್ಗೆ ಇಷ್ಟು ಕಾಳಜಿಯಿರುವ ಗಂಡನನ್ನು ತಾನು ಕಂಡೇ ಇಲ್ಲವೆಂದು ಮನೆಗೆ ಹೋಗಿ ತನ್ನ ಹೆಂಡತಿ ವಸಂತಮ್ಮನ ಮುಂದೆ ಹೊಗಳಿ, ನೀನೂ ನೋಡಿ ಕಲಿ ಎಂದ. ಕಂತನ್ನು ಭಾಗ್ಯಮ್ಮನ ಸಂಬಳದಲ್ಲೇ ಹಿಡಿಯುವ ಏರ್ಪಾಡಾಯಿತು. ಕೆಲವು ಕಂತು ಕಟ್ಟುವಷ್ಟರಲ್ಲಿ ಹಾವು ಬಂತು.

ಸುದ್ದಿ ಕೇಳಿ ಆವಲಪ್ಪ ಓಡಿದಾಗ ಭಾಗ್ಯಮ್ಮ ನಡುಮನೆಯಲ್ಲಿ ಒಬ್ಬಳೇ ಮಲಗಿದ್ದಳು. ಊರೆಲ್ಲ ಅಂಗಳದಲ್ಲಿ ಸತ್ತ ಹಾವಿನ ಸುತ್ತ ನೆರೆದಿತ್ತು. ಸೊಣ್ಣಪ್ಪನೇ ಹೊಡೆದು ಹಾಕಿದ್ದನಂತೆ. ಕೊಂದ ಹಾವಿಗೆ ಸಂಸ್ಕಾರ ಮಾಡದಿದ್ದರೆ ಊರಿಗೇ ದೋಷ. ಹಾಗಾಗಿ ಹಾಲು, ತುಪ್ಪ, ಗಂಧದ ಚಕ್ಕೆ, ಬಾಯಿಗಿಡಲು ತಾಮ್ರದ ಕಾಸು ಎಲ್ಲವನ್ನೂ ಹೊಂದಿಸುವ ಗಡಿಬಿಡಿ. ಮಹಜರಿಗೆ ಬಂದ ಪೊಲೀಸಿನವರು ಹಾವಿನ ಉದ್ದವನ್ನು ಅಳೆದು ಬರೆದುಕೊಂಡರು. ಹಾವೇ ಎದುರಿಗೆ ಬಿದ್ದಿರುವಾಗ ಹೆಣವನ್ನು ಆಸ್ಪತ್ರೆಗೆ ಸಾಗಿಸುವುದು ದಂಡವೆಂದು ತೀರ್ಮಾನವಾಯಿತು. ಭಾಗ್ಯಮ್ಮನ ಪಾದದಲ್ಲಿ ದಬ್ಬಳದಿಂದ ಚುಚ್ಚಿದಂಥ ಎರಡು ತೂತುಗಳಿದ್ದವು. ಕತ್ತಿನ ಸುತ್ತ ಬಾಸುಂಡೆಯಿತ್ತು.

ಆವಲಪ್ಪ ಸೊಣ್ಣಪ್ಪನನ್ನು ಪಕ್ಕಕ್ಕೆ ಕರೆದ.

"ಕಚ್ಚಿರೋದು ಕಾಲಿಗೆ. ಹಗ್ಗ ಕತ್ತಿಗ್ಯಾಕೆ ಕಟ್ದೆ?"

"ವಿಸ ತಲೆಗೇರಬಾರದು ಅಂತ ಕಣಣ್ಣ."

ಪಕ್ಕದಲ್ಲಿದ್ದ ಪೊಲೀಸಿನವರು ಗಂಡನ ಸಮಯಪ್ರಜ್ಞೆಯನ್ನು ಮಹಜರಿನಲ್ಲಿ ನಮೂದಿಸಿದರು. ವಿಷ ತಲೆಗೆ ಏರಿರಲಿಲ್ಲವೆಂಬುದಂತೂ ನಿಜ. ಹಾವಿನ ಸಂಸ್ಕಾರಕ್ಕೆ ಹೊತ್ತಾಗುತ್ತದೆಂದು ಭಾಗ್ಯಮ್ಮನನ್ನು ಬೇಗಬೇಗ ಮಣ್ಣು ಮಾಡಿದರು.

ಆವಲಪ್ಪನಿಗೆ ನಿಜವಾಗಿ ದುಃಖವಾಯಿತು, ಅದಕ್ಕಿಂತ ಹೆಚ್ಚಾಗಿ ನಾಚಿಕೆಯಾಯಿತು. ಹಾವಿನ ದಾರಿ ತೋರಿಸಿದ್ದು ತಾನೇ, ಅದೂ ಆಕೆಯ ಮಜ್ಜಿಗೆ ಕುಡಿಯುತ್ತ. ಏಜೆಂಟನ ಷರಾ ಇಲ್ಲದೆ ಹಣ ಬಿಡುಗಡೆಯಾಗುವಂತಿರಲಿಲ್ಲ. ಇದು ಕೊಲೆ ಎಂದು ಅವನು ಒಂದು ಸಾಲು ಬರೆದರೆ ಭಾಗ್ಯಮ್ಮನಿಗೆ ಅಷ್ಟಾದರೂ ನ್ಯಾಯ ಸಿಗುತ್ತಿತ್ತು. ಬರೆಯಲು ಗಟ್ಟಿ ಆಧಾರವೂ ಇತ್ತು: ಅಂಗಳದಲ್ಲಿ ಬಿದ್ದಿದ್ದದ್ದು ಕೇರೆ ಹಾವು. ಅದಕ್ಕೆ ವಿಷವಿಲ್ಲವೆಂದು ಲಗ್ಗೆರೆಯ ಎಮ್ಮೆಗಳಿಗೂ ಗೊತ್ತು.

ಶಾಖಾ ಮ್ಯಾನೇಜರ್ ವೆಂಕಟರಮಣಪ್ಪನವರು ಆವಲಪ್ಪ ತಂದಿಟ್ಟ ಈ ಆಕ್ಷೇಪಣೆಯನ್ನು ಗಂಭೀರವಾಗಿ ಪರಿಗಣಿಸಿ ವಿಚಾರಣೆಯನ್ನೇ ಏರ್ಪಡಿಸಿದರು. ಊರಿನ ಪರವಾಗಿ ಹಿರಿಯ ನರಸಪ್ಪ ಬಂದು ಸಾಕ್ಷಿ ನುಡಿದ.

"ಕೇರೆ ನಾಗರದ ಗಂಡ ಕಣ್ ಸಾ. ಎಂಡ್ತಿ ಕಚ್ಬುಟ್ಟು ಓಡೋಯ್ತು, ಗಂಡ ಸಿಕ್ಕಾಕ್ಕೊಂತು. ಪಾಪದ್ದು."

ಮ್ಯಾನೇಜರ್ ಬಹಳ ಹೊತ್ತು ಯೋಚಿಸಿದರು. ವರ್ಷದ ಗುರಿ ಮುಟ್ಟಲು ಲಗ್ಗೆರೆಯ ಸಹಕಾರ ಬೇಕಿತ್ತು. ಕ್ಲೈಮು ತಳ್ಳಿಹಾಕಿದ ಊರಿನಲ್ಲಿ ಹೊಸ ಪಾಲಿಸಿ ಹುಟ್ಟುವುದಿಲ್ಲ. ಕೊನೆಗೆ, ದಾಂಪತ್ಯದಲ್ಲಿ ಗಂಡ ಹೆಂಡತಿ ಒಂದೇ ಆದಕಾರಣ ನಾಗರ ಕಚ್ಚಿದ್ದನ್ನು ಕೇರೆ ಕಚ್ಚಿದ್ದೆಂದೇ ಪರಿಭಾವಿಸತಕ್ಕದ್ದು ಎಂದು ಆದೇಶ ಮಾಡಿದರು. ಹೆಂಡತಿಯ ತಪ್ಪಿಗೆ ಗಂಡ ಪ್ರಾಣ ತೆತ್ತನಲ್ಲ ಎಂದು ಹಾವಿಗಾಗಿ ಮರುಗಿದರು ಕೂಡ. ಹಾಗಾದರೆ ಹಗ್ಗ ಎಂದು ಆವಲಪ್ಪ ಬಾಯಿ ತೆರೆದ.

"ಹಗ್ಗ ಪ್ರಥಮ ಚಿಕಿತ್ಸೆ ಕಣ್ರೀ. ಈ ವರ್ಷದ ಉತ್ತಮ ಏಜೆಂಟ್ ನೀವೇ ಅಂತ ಮೇಲಕ್ಕೆ ಕಳಿಸಿದೀನಿ. ಬರೀರಿ."

ಆವಲಪ್ಪ ಹಾವು ಎಂದು ಬರೆದ. ಹಾವು ತಿನ್ನೋರ ಊರಿಗೆ ಹೋದರೆ ನಡುತುಂಡು ನನಗಿರಲಿ ಅನ್ನಬೇಕಂತೆ. ಅವನ ಪಾಲಿಗೆ ನಡುತುಂಡಿನ ಬದಲು ಗೋಡೆ ಗಡಿಯಾರ ಬಂತು.

ಚೆಕ್ಕನ್ನು ಮಾರಮ್ಮನ ಗುಡಿಯ ಮುಂದೆ ಶಾಮಿಯಾನ ಹಾಕಿಸಿ ವಿತರಿಸಲಾಯಿತು. ಮ್ಯಾನೇಜರ್ ಮೈಕಿನಲ್ಲಿ ಪ್ರಕಟಣೆ ಓದಿದರು: "ಮಹಾಜನರ ಅವಗಾಹನೆಗೆ. ಇನ್ನು ಮುಂದೆ ಅಪಘಾತ ಸೌಲಭ್ಯವುಳ್ಳ ಪ್ರತಿಯೊಂದು ಪಾಲಿಸಿಯ ಜೊತೆ, ಕ್ಯಾಲೆಂಡರಿಗೆ ಬದಲಾಗಿ, ಪ್ರಥಮ ಚಿಕಿತ್ಸೆಯ ಹಗ್ಗವೊಂದನ್ನು ಉಚಿತವಾಗಿ ನೀಡಲಾಗುವುದು. ಸದರಿ ಹಗ್ಗವನ್ನು ದನ ಕಟ್ಟುವುದೇ ಮುಂತಾದ ಅನ್ಯ ಉದ್ದೇಶಗಳಿಗೆ ಬಳಸತಕ್ಕದ್ದಲ್ಲ." ಗಂಟು ಹಾಕುವ ಕ್ರಮವನ್ನು ಸೊಣ್ಣಪ್ಪ ಒಂದು ಬಾಳೆಕಂದಿನ ಮೇಲೆ ಮಾಡಿ ತೋರಿಸಿದ. ಗಂಡಸರು ಕೂಡಲೇ ಸಾಲುಗಟ್ಟಿದರು. ಊರಿನವರಿಗೆ ತಮ್ಮ ಹೆಂಡತಿಯರ ಮೇಲೆ ಇಷ್ಟೊಂದು ಅಕ್ಕರೆಯಿತ್ತೆಂದು ಯಾರಿಗೂ ಗೊತ್ತಿರಲಿಲ್ಲ. ಹೆಂಗಸರು ಸಾಲಿನಲ್ಲಿ ನಿಲ್ಲಲಿಲ್ಲ, ಗಂಟು ಹಾಕುವುದನ್ನು ಮಾತ್ರ ಗಮನವಿಟ್ಟು ನೋಡಿದರು. ವಸಂತಮ್ಮ ಮುಂದಿನ ಸಾಲಿನಲ್ಲೇ ಕೂತಿದ್ದಳು.

ಮಾರನೇ ಭಾನುವಾರ ತಿಂಡಿ ತಿನ್ನುತ್ತಿದ್ದ ಆವಲಪ್ಪನ ಮುಂದೆ ವಸಂತಮ್ಮ ಅವನದೇ ಹೆಸರಿನ ಹೊಸ ಪಾಲಿಸಿಯ ಅರ್ಜಿ ಇಟ್ಟಳು. ಬೊಮ್ಮನಹಳ್ಳಿಯ ಏಜೆಂಟ್ ಹನುಮಂತಯ್ಯನಿಂದ ತರಿಸಿದ್ದಳು. ತನ್ನನ್ನು ಬಿಟ್ಟು ಹನುಮಂತಯ್ಯನಿಗೆ ಕಮಿಷನ್ ಕೊಟ್ಟಳಲ್ಲ ಎಂದು ಆವಲಪ್ಪನಿಗೆ ಮೊದಲು ನೋವಾಯಿತು. ಆಮೇಲೆ ಅಪಘಾತ ಸೌಲಭ್ಯ ಇದೆಯೇ ಎಂದು ನೋಡಿದ. ಇತ್ತು. ಇಡ್ಲಿಯ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ.

"ನಾನು ಸತ್ಮೇಲೆ ದುಡ್ಡು ಬಂದ್ರೆ ನನಗೇನು ಬಂತೇ?" ಎಂದ.

"ನೆಮ್ಮದಿ ಬರುತ್ತೆ ಅಂತ ನೀವೇ ಹೇಳ್ತೀರಲ್ರೀ," ಎಂದಳು ವಸಂತಮ್ಮ.

ಸಹಿ ಹಾಕದಿದ್ದರೆ ಉತ್ತಮ ಏಜೆಂಟನಿಗೇ ಪಾಲಿಸಿಯ ಮೇಲೆ ನಂಬಿಕೆಯಿಲ್ಲವೆಂದು ಊರು ಆಡಿಕೊಳ್ಳುತ್ತಿತ್ತು. ಸಹಿ ಹಾಕಿದ. ವಸಂತಮ್ಮ ಜೊತೆಗೆ ಬಂದಿದ್ದ ಹಗ್ಗದ ಸುರುಳಿ ಬಿಚ್ಚಿ, ಎರಡೂ ಕೈಗೆ ಸುತ್ತಿಕೊಂಡು ಒಮ್ಮೆ ಜಗ್ಗಿ ನೋಡಿದಳು.

"ಗಟ್ಟಿ ಇದೆಯೇನ್ರೀ?"

ಕಚೇರಿಯ ಮಾಲನ್ನು ಆವಲಪ್ಪ ಇದುವರೆಗೆ ಯಾರ ಮುಂದೆಯೂ ತೆಗಳಿದವನಲ್ಲ. "ಒಳ್ಳೇ ತೆಂಗಿನ ನಾರು," ಎಂದ. "ಕಿತ್ತೋಗಲ್ಲ."