ಹೆಸರು ಒಡೆಯುವ ಪಂದ್ಯ

ಕೊಟ್ರೇಶನಿಗೆ ಅವನ ನಾಲಿಗೆಯೇ ವೈರಿ. "ಲೋಹಿತನ ಪ್ರೋಗ್ರಾಮಿಗಿಂತ ನಂದು ನೂರು ಪಟ್ಟು ಜೋರು" ಎಂದು ಚಹಾ ಕುಡಿಯುವಾಗ ಅಂದುಬಿಟ್ಟ. ಅದು ಸಕ್ರಪ್ಪ ಸಾಹುಕಾರರ ಕಿವಿಗೆ ಬಿತ್ತು. ಗದಗಿನಲ್ಲಿ ಬೀಜದ ಅಂಗಡಿ, ಸೊರಟೂರಿನಲ್ಲಿ ಹೊಲ ಇದ್ದ ಸಾಹುಕಾರರು ಇಬ್ಬರನ್ನೂ ಅಂಗಡಿಯ ಕಂಪ್ಯೂಟರ್ ಕೆಲಸಕ್ಕೆ ಪರೀಕ್ಷೆಗೆಂದು ಇಟ್ಟುಕೊಂಡಿದ್ದರು. ಖಾಯಂ ಆಗುವವನು ಒಬ್ಬನೇ.

"ನಾಳೆ ಇಬ್ಬರೂ ಓಡಸ್ರಿ, ನೋಡೇಬಿಡೂಣು!" ಅಂದರು.

ಕೊಟ್ರೇಶನಿಗೆ ರಾತ್ರಿಯೆಲ್ಲ ಜೀವ ಬಾಯಿಗೆ ಬಂದಿತ್ತು. ಕೆಲಸ ಖಾಯಂ ಆದರೆ ಮಾತ್ರ ಕನ್ಯಾ ನೋಡಲು ಬಾ ಎಂದು ಮುಂಡರಗಿಯವರು ಹೇಳಿದ್ದರು.

ಗಿರಾಕಿಗಳ ಅರವತ್ತು ಸಾವಿರ ಹೆಸರುಗಳ ಪಟ್ಟಿ. "ದ್ಯಾಮಪ್ಪ ಮೂಕಪ್ಪ ಅಡರಕಟ್ಟಿ" ಎಂದು ಒಂದೇ ಸಾಲಿನಲ್ಲಿ ಇದ್ದದ್ದನ್ನು ಹೆಸರು, ತಂದೆ, ಅಡ್ಡಹೆಸರು ಎಂದು ಮೂರಾಗಿ ಒಡೆಯಬೇಕು. ಕೊಟ್ರೇಶ 'ಸ್ಪ್ಲಿಟ್' ಎಂಬ ಒಂದೇ ಆಜ್ಞೆಯಲ್ಲಿ ಒಡೆಯುತ್ತಿದ್ದ. ಲೋಹಿತನದು ಒಂದೊಂದೇ ಅಕ್ಷರ ಮುಟ್ಟಿ, ಅದನ್ನು ಪರದೆಯ ಮೇಲೆ ತೋರಿಸಿ, ಅಕ್ಕಿಯಲ್ಲಿ ಕಲ್ಲು ಆರಿಸಿದಂತೆ ಸಾಗುತ್ತಿತ್ತು.

ಬೆಳಿಗ್ಗೆ ಇಬ್ಬರೂ ಗುಂಡಿ ಒತ್ತಿದರು.

"ಚಾಲೂ ಮಾಡಲೇ ಕೊಟ್ರ್ಯಾ!"

"ಮುಗೀತ್ರೀ ಸಾಹುಕಾರ್ರ."

"ನಾ ಚಷ್ಮಾ ಹಾಕ್ಕೊಳ್ಳೂದ್ರಾಗ? ಯಾರಿಗೆ ಟೋಪಿ ಹಾಕ್ತಿ?"

ಕಸ ಗುಡಿಸುತ್ತಿದ್ದ ರಾಮವ್ವ ಕಸಬರಿಗೆ ಹಿಡಿದೇ ಇಣುಕಿದಳು. "ಲೋಹಿತಪ್ಪಂದು ನೋಡ್ರಿ, ಬೀಗರು ಬಂದಂಗ ಸಾಲಾಗಿ ಹೊಂಟಾವು. ಈ ತಮ್ಮಂದರಾಗ ಒಂದೂ ಕಾಣವಲ್ದು!"

ಒಂದು ಸಲ ಓಡಿಸಿದ್ದು ಕಾಣದಿದ್ದರೆ ಸಾವಿರ ಸಲ ಓಡಿಸಿ ಲೆಕ್ಕ ತೋರಿಸುತ್ತೇನೆಂದು ಕೊಟ್ರೇಶ ಮತ್ತೆ ಒತ್ತಿದ. ಅವನ ಕಂಪ್ಯೂಟರಿನ ಫ್ಯಾನು ಖಾರದ ಗಿರಣಿಯಂತೆ ಕಿರುಚಿತು. ಪರದೆ ಸತ್ತಂತೆ ನಿಂತಿತು.

"ಮಷೀನ್ ಕೊಂದಾನ್ರೀ!" ಲೋಹಿತ ಕೂಗಿದ.

"ಅದರ ಕಿಮ್ಮತ್ತು ಗೊತ್ತೈತೇನಲೇ?" ಸಾಹುಕಾರರು ಎದ್ದು ನಿಂತರು. ಕೊಟ್ರೇಶನ ಅಂಗಿ ಬೆವರಿಗೆ ಬೆನ್ನಿಗಂಟಿತು. ಮುಂಡರಗಿಯ ದಾರಿ ಮುಚ್ಚಿತೆಂದೇ ಅವನು ತಿಳಿದ.

ಎರಡು ನಿಮಿಷಕ್ಕೆ ಪರದೆ ಕಣ್ಣು ಬಿಟ್ಟಿತು. ಒಂದು ಸಲಕ್ಕೆ ಸೆಕೆಂಡಿನ ಹತ್ತನೇ ಒಂದು ಭಾಗ! ಸಾಹುಕಾರರು ಪಟ್ಟಿಯ ಮೇಲೆ ಬೆರಳಿಟ್ಟು ನೋಡಿದರು. ಒಂದೂ ತಪ್ಪಿರಲಿಲ್ಲ. ಲೋಹಿತನದು ಇನ್ನೂ ಇನ್ನೂರನೇ ಹೆಸರಿನಲ್ಲಿತ್ತು.

"ಖರೇನ ಮುಗಿಸ್ಯಾನಲೇ! ಶಾಭಾಸ್, ನೀನ ಗೆದ್ದಿ!"

"ಹಂಗಾರ ಕೆಲಸ ನಂದೇನ್ರೀ?"

"ಯಾವ ಕೆಲಸಲೇ? ನಿಂದು ಮುಗೀತಲ್ಲ. ಆರಾಮ ಮನಿಗೆ ಹೋಗು."

"ಮತ್ತ ಲೋಹಿತ?"

"ಅವಂದು ಇನ್ನೂ ನಡದೈತಿ. ಹೊಲದಾಗ ಆಳನ್ನ ಅರ್ಧ ಸಾಲಿನ್ಯಾಗ ಎಬ್ಬಿಸೂ ರೂಢಿ ನಮ್ಮ ಮನಿತನದಾಗ ಇಲ್ಲ."

ಕೊಟ್ರೇಶ ಚೀಲ ಹೆಗಲಿಗೇರಿಸಿದ. ಲೋಹಿತ ಕುರ್ಚಿಗೆ ಒರಗಿ, ಪರದೆಯಿಂದ ಕಣ್ಣು ಕೀಳದೆ ಹೇಳಿದ:

"ಹೋಗೂಮುಂದ ಬಾಗಲಾ ಮುಂದ ಮಾಡೋ, ಧೂಳ ಬರ್ತೈತಿ."